ಮಂಚದ ಪಕ್ಕದ ಸ್ಟೂಲು

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗೊಂದು ಮಂಚವಿರುತ್ತದೆ. ರೋಗಿಯನ್ನು ನೋಡಿಕೊಳ್ಳಲು ಬಂದವರಿಗೆ ಒಂದು ಕಬ್ಬಿಣದ ಸ್ಟೂಲಿರುತ್ತದೆ. ಅದಕ್ಕೆ ಬೆನ್ನು ಒರಗಿಸಲು ಹಲಗೆ ಇರುವುದಿಲ್ಲ. ಗೋಡೆಗೆ ಹತ್ತಿರ ಎಳೆದುಕೊಂಡು ಕೂರಬಹುದು, ಆದರೆ ಆಗ ರೋಗಿಯ ಮುಖ ಕಾಣುವುದಿಲ್ಲ. 2023ನೇ ಇಸವಿಯಲ್ಲಿ ನಾನು ಅಂಥ ಸ್ಟೂಲುಗಳ ಮೇಲೆ ಮೂವತ್ತೊಂದು ರಾತ್ರಿ ಕಳೆದೆ. ಲೆಕ್ಕ ತಪ್ಪಿಲ್ಲ. ಆ ವರ್ಷ ಮಾತ್ರೆಯಿಂದ ಹಿಡಿದು ಟ್ಯಾಂಕರ್ ನೀರಿನವರೆಗೆ ಎಲ್ಲವನ್ನೂ ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ.

ಅಲ್ಲಿ ಕುಳಿತಾಗ ಮಾಡಲು ಹೆಚ್ಚು ಕೆಲಸವಿರುವುದಿಲ್ಲ, ಆದರೆ ಎದ್ದುಹೋಗುವಂತೆಯೂ ಇರುವುದಿಲ್ಲ. ಹಾಗಾಗಿ ಮನೆಯಿಂದ ಬಟ್ಟೆ ತರುವಾಗ ಒಂದೊಂದು ಪುಸ್ತಕವನ್ನೂ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದೆ. ಹೊಸ ಪುಸ್ತಕಗಳಲ್ಲ. ಪಿ.ಯು.ಸಿ. ಓದುವಾಗ ಊಟದ ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಅಮ್ಮನ ಕೈಲಿ ಬೈಸಿಕೊಂಡು ಓದಿದವು. ಹಳೆಯ ಗೆಳತಿಯರ ಹತ್ತಿರ ಹೋದಂತೆ ಅವುಗಳ ಹತ್ತಿರ ಹೋದೆ. ಕೆಲವರು ಕೈಬಿಟ್ಟರು, ಕೆಲವರು ಕೈಹಿಡಿದರು, ಒಬ್ಬಳು ಕಪಾಳಕ್ಕೆ ಹೊಡೆದಳು. ನಮ್ಮ ಕಾದಂಬರಿಗಳಲ್ಲಿ ಮಂಚದ ಮೇಲೆ ಮಲಗಿದವರು ಬಹಳ, ಸ್ಟೂಲಿನ ಮೇಲೆ ಕುಳಿತವರು ಕಡಿಮೆ. ಯಾಕೆ ಹೀಗೆ ಎಂದು ಯೋಚಿಸುತ್ತ ಹೋದೆ. ಈ ಬರಹ ಅದರದೇ ಫಲ.

ಮೊದಲು ನಮ್ಮ ಮನೆಯ ಸಂಗತಿ ಹೇಳಿಬಿಡುತ್ತೇನೆ. ನಮ್ಮದು ತಿಪಟೂರು ಕಡೆ. ಎರಡೂವರೆ ಎಕರೆ ತೆಂಗಿನ ತೋಟ, ಒಂದು ಕೊಳವೆ ಬಾವಿ, ಹಿರಿಯರ ಕಾಲದ ಹೆಂಚಿನ ಮನೆ. ಜನವರಿಯಲ್ಲಿ ಎಂಬತ್ತಮೂರು ವರ್ಷದ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ತೊಡೆಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು. ಎದ್ದು ನಾಲ್ಕು ಹೆಜ್ಜೆ ಹಾಕಿದರು. ಆಮೇಲೆ ಹೆದರಿಕೆಯಿಂದ ಮಲಗಿದವರು ಮತ್ತೆ ಸರಿಯಾಗಿ ಏಳಲಿಲ್ಲ. ಜೂನ್ ಕೊನೆಯಲ್ಲಿ ನಮ್ಮ ಯಜಮಾನರಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತವು, ಮಾತು ತೊದಲಿತು. ಆ ವರ್ಷ ಮಳೆಯೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿದ ವರ್ಷ ಅದು. ನಮ್ಮ ಕೊಳವೆ ಬಾವಿ ಸೆಪ್ಟೆಂಬರಿನಲ್ಲಿ ಗಾಳಿ ಉಗುಳಿ ನಿಂತಿತು. ತೆಂಗಿನ ಹರಳು ಉದುರಿದವು. ಎರಡು ವರ್ಷ ಹಿಂದೆ ಕ್ವಿಂಟಾಲಿಗೆ ಹದಿನೈದು ಸಾವಿರ ದಾಟಿದ್ದ ಉಂಡೆ ಕೊಬ್ಬರಿ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. ಕೇಂದ್ರ ಸರ್ಕಾರದ ಬೆಂಬಲ ಬೆಲೆ 11,750 ಇತ್ತು, ಆದರೆ ಅದಕ್ಕೆ ಕಾಯುವ ಶಕ್ತಿ ಇದ್ದವರಿಗೆ ಅದು ಬೆಲೆ. ಆಸ್ಪತ್ರೆಯ ಬಿಲ್ಲು ಕಾಯುವುದಿಲ್ಲ.

ಇದರಲ್ಲಿ ವಿಶೇಷವೇನೂ ಇಲ್ಲ. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಮಂದಿಗೆ ಇಂಥದೊಂದು ವರ್ಷ ಬಂದುಹೋಗಿರುತ್ತದೆ. ಹಾಗಿದ್ದರೂ ಇಂಥ ವರ್ಷ ಪುಸ್ತಕಗಳಲ್ಲಿ ಯಾಕೆ ಅಷ್ಟಾಗಿ ಸಿಗುವುದಿಲ್ಲ ಎನ್ನುವುದು ನನ್ನ ಪ್ರಶ್ನೆ.

ನಮ್ಮ ಕಾಲದಲ್ಲಿ ಊರಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ಇಪ್ಪತ್ತೈದು ಪೈಸೆ ಕೊಟ್ಟು ತಂದು ಓದಿದ ಕಾದಂಬರಿಗಳನ್ನೇ ತೆಗೆದುಕೊಳ್ಳಿ. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದವು, ರಟ್ಟಿನ ಮೇಲೆ ದೊಡ್ಡ ಕಣ್ಣಿನ ಹುಡುಗಿಯ ಚಿತ್ರವಿದ್ದವು. ಅವುಗಳಲ್ಲಿ ಕಾಯಿಲೆಗೇನೂ ಬರವಿರಲಿಲ್ಲ. ನಾಯಕಿಗೆ ತಲೆಸುತ್ತು ಬಂದರೆ ಬಸಿರು, ನಾಯಕನಿಗೆ ತಲೆನೋವು ಬಂದರೆ ಮೆದುಳಿನಲ್ಲಿ ಗೆಡ್ಡೆ. ಕೆಮ್ಮಿದವರ ಕರವಸ್ತ್ರದಲ್ಲಿ ರಕ್ತ ಇದ್ದೇ ಇರುತ್ತಿತ್ತು. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರೆಂದರೆ ನಾವು ಸೆರಗು ಕಣ್ಣಿಗೆ ಒತ್ತಿಕೊಳ್ಳಬೇಕೆಂದು ಅರ್ಥ. ಆದರೆ ಆ ರೋಗಿಗಳಿಗೆ ಯಾರೂ ಬೆಡ್‌ಪ್ಯಾನ್ ಇಟ್ಟದ್ದನ್ನು ನಾನು ಓದಿಲ್ಲ. ಅವರ ಹಾಸಿಗೆ ಒದ್ದೆಯಾಗುತ್ತಿರಲಿಲ್ಲ. ಅವರ ಬೆನ್ನಿನಲ್ಲಿ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವವರೂ ಇರುತ್ತಿರಲಿಲ್ಲ. ಮಾತ್ರೆಯ ಅಂಗಡಿಯ ಚೀಟಿ, ಆ ಚೀಟಿಗಾಗಿ ಅಡವಿಟ್ಟ ಬಳೆ, ಎರಡು ದಿನ ರಜೆ ಹಾಕಿ ಬಂದು ಎಲ್ಲರಿಗೂ ಬುದ್ಧಿ ಹೇಳಿಹೋಗುವ ನೆಂಟರು, ಇದ್ಯಾವುದೂ ಕಥೆಯೊಳಗೆ ಬರುತ್ತಿರಲಿಲ್ಲ. ಕಾಯಿಲೆ ಎನ್ನುವುದು ಕಥೆಗೊಂದು ತಿರುವು, ನಾಯಕಿಯ ಒಳ್ಳೆಯತನಕ್ಕೊಂದು ಪರೀಕ್ಷೆ. ಪರೀಕ್ಷೆ ಮುಗಿದ ಮೇಲೆ ರೋಗಿ ಗುಣವಾಗುತ್ತಿದ್ದ, ಇಲ್ಲವೇ ಎಲ್ಲರಿಗೂ ಅನುಕೂಲವಾಗುವಂತೆ ತೀರಿಕೊಳ್ಳುತ್ತಿದ್ದ.

ಇದನ್ನು ತಮಾಷೆಗೆ ಬರೆಯುತ್ತಿದ್ದೇನೆ, ಆದರೆ ತಮಾಷೆಯಲ್ಲದ ಒಂದು ಮಾತನ್ನೂ ಇಲ್ಲೇ ಹೇಳಬೇಕು. ಆ ರಾತ್ರಿ ಊಟ ಮಾಡುವಾಗ ನಮ್ಮವರ ಕೈಯಿಂದ ತುತ್ತು ಜಾರಿತು. ಬಾಯಿ ಒಂದು ಕಡೆ ಸ್ವಲ್ಪ ಸೊಟ್ಟಗಾಗಿತ್ತು. ಮಾತು ಹೆಂಡ ಕುಡಿದವರ ಹಾಗೆ ಎಳೆಯುತ್ತಿತ್ತು. "ತೋಟದಲ್ಲಿ ಬಿಸಿಲಿಗೆ ಆಯಾಸ ಆಗಿದೆ, ಮಲಗಿ, ಬೆಳಿಗ್ಗೆ ಸರಿಹೋಗುತ್ತೆ" ಎಂದು ಹೇಳಿದವಳು ನಾನೇ. ಮಜ್ಜಿಗೆಗೆ ಇಂಗು ಹಾಕಿ ಕುಡಿಸಿ ಮಲಗಿಸಿದೆ. ಬೆಳಿಗ್ಗೆ ಎದ್ದಾಗ ಕೈ ಎತ್ತಲಾಗಲಿಲ್ಲ. ಮೆದುಳಿನ ರಕ್ತನಾಳ ಹೆಪ್ಪುಗಟ್ಟಿ ಬರುವ ಲಕ್ವವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದು ಇದೆಯಂತೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ಮೊದಲು ತಲೆಯ ಸ್ಕ್ಯಾನ್ ಮಾಡಿ ರಕ್ತಸ್ರಾವವಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ನಾವು ಹೋಗುವಷ್ಟರಲ್ಲಿ ಹತ್ತು ಗಂಟೆ ಕಳೆದುಹೋಗಿತ್ತು. ಡಾಕ್ಟರು ಬೈಯಲಿಲ್ಲ. "ಎಷ್ಟು ಹೊತ್ತಿಗೆ ಶುರುವಾಯಿತಮ್ಮ?" ಎಂದು ಕೇಳಿ ಬರೆದುಕೊಂಡರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಂದು ಸ್ಟೂಲಿನ ಮೇಲೆ ಕುಳಿತು ನನಗೆ ಬಂದ ಮೊದಲ ಸಿಟ್ಟು ಪುಸ್ತಕಗಳ ಮೇಲೆ. ಐನೂರು ಕಾದಂಬರಿ ಓದಿದ್ದೇನೆ, ನೂರು ಜನ ನಾಯಕಿಯರ ಜೊತೆ ಆಸ್ಪತ್ರೆಗೆ ಹೋಗಿಬಂದಿದ್ದೇನೆ, ಒಬ್ಬಳಾದರೂ ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಕೂಡಲೇ ಗಾಡಿ ಕಟ್ಟು ಎಂದು ಹೇಳಿಕೊಡಲಿಲ್ಲವಲ್ಲ!

ಸಿಟ್ಟು ಇಳಿದ ಮೇಲೆ ನ್ಯಾಯವಾಗಿ ಯೋಚಿಸಿದೆ. ಅದನ್ನು ಹೇಳಿಕೊಡುವುದು ಕಾದಂಬರಿಯ ಕೆಲಸವೇ? ಅಲ್ಲ. ಅದನ್ನು ಹೇಳಿಕೊಡುವ ಪುಸ್ತಕಗಳು ಬೇರೆ ಇದ್ದವು, ಅವನ್ನು ನಾನು ಅಗತ್ಯ ಬಿದ್ದಾಗ ಮಾತ್ರ ತೆರೆದೆ. ಬಸುರಿಯಾಗಿದ್ದಾಗ ಅಮ್ಮ ನನಗೆ ಕೊಡಿಸಿದ್ದು ಅನುಪಮಾ ನಿರಂಜನರ 'ತಾಯಿ ಮಗು'. ಅವರ 'ಸ್ತ್ರೀ ಸ್ವಾಸ್ಥ್ಯ ಸಂಹಿತೆ' ನಮ್ಮ ಮಹಿಳಾ ಸಮಾಜದ ಕಪಾಟಿನಲ್ಲಿ ಈಗಲೂ ಇದೆ. ಧಾರವಾಡದಲ್ಲೂ ಬೆಂಗಳೂರಿನಲ್ಲೂ ವೈದ್ಯವೃತ್ತಿ ನಡೆಸಿದ ಆ ಲೇಖಕಿ ತಮ್ಮೊಳಗಿನ ಇಬ್ಬರನ್ನೂ ಚೆನ್ನಾಗಿ ಬಲ್ಲವರು. ಡಾಕ್ಟರು ಹೇಳಬೇಕಾದದ್ದನ್ನು ಡಾಕ್ಟರಾಗಿ ಹೇಳಿದರು, ಕಥೆಗಾರ್ತಿ ಹೇಳಬೇಕಾದದ್ದನ್ನು ಕಾದಂಬರಿಯಲ್ಲಿ ಹೇಳಿದರು. ಅವರ ಬದುಕೂ ನಮ್ಮಂಥವರಿಗೆ ಗೊತ್ತಿರಬೇಕಾದದ್ದು. 1970ರ ದಶಕದ ಆರಂಭದಲ್ಲಿ ಪತಿ ನಿರಂಜನರಿಗೆ ಪಾರ್ಶ್ವವಾಯು ಬಡಿಯಿತು. ಆ ಸ್ಥಿತಿಯಲ್ಲೇ ಅವರು 'ವಿಶ್ವಕಥಾಕೋಶ'ದ 25 ಸಂಪುಟಗಳನ್ನು ಸಂಪಾದಿಸಿದರು. ಮುಂದೆ ಅನುಪಮಾ ಅವರಿಗೆ ಕ್ಯಾನ್ಸರ್ ಬಂತು. 1991ರ ಫೆಬ್ರವರಿಯಲ್ಲಿ ಅವರು ಹೋದರು, ಆಮೇಲೆ ನಿರಂಜನರೂ ಹೋದರು. ಅವರನ್ನು ಆದರ್ಶ ದಂಪತಿ ಎಂದು ಹೊಗಳುವವರು ಬಹಳ. ಆದರೆ ಅಷ್ಟು ವರ್ಷ ಆ ಮನೆಯ ಬೆಳಗು ಹೇಗಿರುತ್ತಿತ್ತು, ಮೊದಲು ಯಾರಿಗೆ ಕಾಫಿ, ಯಾರಿಗೆ ಮಾತ್ರೆ, ಬರೆಯಲು ಕೂರುವ ಹೊತ್ತು ಯಾವುದು ಎಂದು ಕೇಳಬೇಕೆನ್ನಿಸುವುದು ಸ್ಟೂಲಿನ ಮೇಲೆ ಕುಳಿತವರಿಗೆ ಮಾತ್ರ. 'ಆದರ್ಶ' ಎನ್ನುವ ಮಾತು ಬಂದೊಡನೆ ಇಂಥ ಪ್ರಶ್ನೆಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಅವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ನೆನಪು: ಸಿಹಿ-ಕಹಿ'. ಹೊಗಳುವವರಿಗಿಂತ ಅವರೇ ಪ್ರಾಮಾಣಿಕರಾಗಿದ್ದರು.

ಹಾಗಾದರೆ ಕಾದಂಬರಿಯ ಕೆಲಸ ಯಾವುದು? ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಇಲ್ಲದ್ದನ್ನು ಹೇಳುವುದು ಎಂದು ನನಗೀಗ ತೋರುತ್ತದೆ. ಮನೆಗೆ ಬಂದ ಮೇಲೆ ಏನಾಗುತ್ತದೆ ಎನ್ನುವುದನ್ನು ಚೀಟಿ ಹೇಳುವುದಿಲ್ಲ. ಅದನ್ನು ಹೇಳಿದ ಕಾದಂಬರಿ ತ್ರಿವೇಣಿಯವರ 'ಶರಪಂಜರ'.

ನಮ್ಮಲ್ಲಿ ಬಹಳ ಮಂದಿಗೆ ಅದು ಪುಟ್ಟಣ್ಣ ಕಣಗಾಲರ 1971ರ ಸಿನಿಮಾ. ಕಾವೇರಿ ಎಂದರೆ ಕಲ್ಪನಾಳ ಮುಖವೇ ಕಣ್ಣೆದುರು ಬರುತ್ತದೆ. ಸಿನಿಮಾ ಚೆನ್ನಾಗಿದೆ. ಆದರೆ ಪುಸ್ತಕ ಓದಿ. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಕಾಯಿಲೆ ಅದರ ಬುಡದಲ್ಲಿದೆ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣಿಸಿಕೊಳ್ಳುವ, ಚಿಕಿತ್ಸೆಯಿಂದ ಗುಣವಾಗುವ ಕಾಯಿಲೆ ಎಂದು ಇಂದು ವೈದ್ಯರು ಹೇಳುತ್ತಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಅದನ್ನು ಅರವತ್ತು ವರ್ಷಗಳ ಹಿಂದೆಯೇ ಬಲ್ಲವರು. ಅವರ ಕಾವೇರಿಯೂ ಗುಣವಾಗುತ್ತಾಳೆ. ಕಾದಂಬರಿಯ ಜೀವ ಇರುವುದು ಇಲ್ಲಿ. ಕಾಯಿಲೆ ಬಂದಾಗಿನ ಕಥೆಯಲ್ಲ ಅದು, ಕಾಯಿಲೆ ಹೋದ ಮೇಲಿನ ಕಥೆ. ಆಸ್ಪತ್ರೆ ಅವಳನ್ನು ಬಿಟ್ಟುಕೊಟ್ಟಿತು, ಮನೆ ಬಿಟ್ಟುಕೊಡಲಿಲ್ಲ. ಅವಳು ನಕ್ಕರೆ ಜೋರಾಗಿ ನಕ್ಕಳೆನ್ನುತ್ತಾರೆ, ಸಿಟ್ಟಾದರೆ ಮತ್ತೆ ಶುರುವಾಯಿತೇ ಎಂದು ಮುಖ ಮುಖ ನೋಡಿಕೊಳ್ಳುತ್ತಾರೆ. ಗಂಡ ಬೇರೊಬ್ಬಳ ಕಡೆ ವಾಲಿದ್ದಾನೆ, ಅದಕ್ಕೆ ಅವಳು ಸಿಟ್ಟಾಗುವುದು ನ್ಯಾಯ. ಆದರೆ ಆ ಮನೆಯಲ್ಲಿ ಅವಳ ಸಿಟ್ಟು ಸಿಟ್ಟಾಗಿ ಉಳಿದಿಲ್ಲ, ರೋಗದ ಲಕ್ಷಣವಾಗಿಬಿಟ್ಟಿದೆ. ಕೊನೆಗೆ ಅವಳನ್ನು ಮತ್ತೆ ಹುಚ್ಚಿ ಮಾಡುವುದು ಕಾಯಿಲೆಯಲ್ಲ, ಸುತ್ತಲಿನವರ ಕಣ್ಣು.

ಹದಿನೇಳನೆಯ ವಯಸ್ಸಿನಲ್ಲಿ ಇದನ್ನು ಓದಿದಾಗ ನಾನು ಕಾವೇರಿಯಾಗಿದ್ದೆ. ಅವಳಿಗಾಗಿ ಅತ್ತೆ, ಅವಳ ಮನೆಯವರನ್ನು ಶಪಿಸಿದೆ. ಐವತ್ತಾರನೆಯ ವಯಸ್ಸಿನಲ್ಲಿ ಓದಿದಾಗ ಹಾಗಾಗಲಿಲ್ಲ.

ಆಗಸ್ಟಿನಲ್ಲಿ ಹಿಂದಿನ ವರ್ಷ ಅಟ್ಟಕ್ಕೆ ಹಾಕಿದ್ದ ಕಾಯಿ ಇಳಿಸುವ ಹೊತ್ತಾಗಿತ್ತು. ನಮ್ಮ ಕಡೆಯ ಕೊಬ್ಬರಿ ಆತುರಕ್ಕೆ ಆಗುವುದಲ್ಲ. ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ನೆರಳಿನಲ್ಲಿ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಅಲ್ಲಾಡುತ್ತದೆ. ನಮ್ಮವರು ಕೈಯಲ್ಲಿ ಕುಲುಕಿ ಕಿವಿಗಿಟ್ಟುಕೊಂಡು ಆಯಿತೋ ಇಲ್ಲವೋ ಹೇಳುತ್ತಿದ್ದರು. ಆ ವರ್ಷ ನಾನೇ ಆಳು ಕರೆಸಿ ಸುಲಿಸಿ, ಒಡೆಸಿ, ಮಾರಿಬಿಟ್ಟೆ. ಫಿಸಿಯೋಥೆರಪಿಯವರಿಗೆ, ಔಷಧದ ಅಂಗಡಿಗೆ ದುಡ್ಡು ಬೇಕಿತ್ತು. ಸಂಜೆ ಅವರು ಖಾಲಿ ಅಟ್ಟ ನೋಡಿ ಕೆಂಡವಾದರು. "ಯಾರನ್ನ ಕೇಳಿ ಮಾರಿದೆ? ಇನ್ನೆರಡು ತಿಂಗಳು ತಡೆದಿದ್ರೆ ಏನಾಗ್ತಿತ್ತು?" ಎಂದು ತೊದಲುತ್ತಲೇ ಕೂಗಾಡಿದರು. ನಾನು ಅವರಿಗೆ ಉತ್ತರ ಕೊಡಲಿಲ್ಲ. ಅವರೆದುರೇ ನಾದಿನಿಯ ಕಡೆ ತಿರುಗಿ, "ಸ್ಟ್ರೋಕ್ ಆದಮೇಲೆ ಹೀಗೇ ಕಣೇ, ಸುಮ್ಮಸುಮ್ಮನೆ ರೇಗ್ತಾರೆ. ಡಾಕ್ಟರು ಹೇಳಿದಾರೆ" ಎಂದೆ.

ಅವರು ಸುಮ್ಮನಾದರು. ಎರಡು ದಿನ ಮಾತೇ ಆಡಲಿಲ್ಲ. ಪರವಾಗಿಲ್ಲ, ಮನೆ ತಣ್ಣಗಿದೆ ಎಂದುಕೊಂಡೆ.

ಮೂರನೆಯ ರಾತ್ರಿ ಅತ್ತೆಯ ಮಂಚದ ಪಕ್ಕ ಕುಳಿತು 'ಶರಪಂಜರ'ದ ಕೊನೆಯ ಭಾಗ ಓದುತ್ತಿದ್ದೆ. ಕಾವೇರಿಯ ಮನೆಯವರು ಆಡುವ ಮಾತು ನನಗೆ ಎಲ್ಲೋ ಕೇಳಿದ ಹಾಗಿತ್ತು. ಎಲ್ಲಿ ಎಂದು ಹೊಳೆದಾಗ ಪುಸ್ತಕ ಮುಚ್ಚಿಟ್ಟೆ. ತಮ್ಮ ಅಪ್ಪ ನೆಟ್ಟ ಮರದ ಕಾಯನ್ನು ತಮ್ಮನ್ನು ಕೇಳದೆ ಮಾರಿದ್ದಕ್ಕೆ ಸಿಟ್ಟಾಗುವ ಹಕ್ಕು ಒಬ್ಬ ಮನುಷ್ಯನಿಗೆ ಇದೆಯಲ್ಲವೆ? ಲಕ್ವಕ್ಕಿಂತ ಮುಂಚೆ ಇದೇ ಜಗಳ ಆಗಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ, ಬಿಲ್ಲು ತಂದು ಮುಂದಿಡುತ್ತಿದ್ದೆ, ಜಗಳ ಜಗಳವಾಗಿಯೇ ಮುಗಿಯುತ್ತಿತ್ತು. ಈಗ ಅವರ ಸಿಟ್ಟನ್ನೇ ಕಾಯಿಲೆಯ ಚೀಟಿಗೆ ಸೇರಿಸಿ, ಜಗಳವಾಡುವ ಮರ್ಯಾದೆಯನ್ನೂ ಕಸಿದುಕೊಂಡಿದ್ದೆ. ಕಪಾಳಕ್ಕೆ ಹೊಡೆದಳು ಎಂದೆನಲ್ಲ, ಆ ಗೆಳತಿ ಕಾವೇರಿ.

ತ್ರಿವೇಣಿಯವರನ್ನು ಹೆಂಗಸರ ಲೇಖಕಿ, ಕಣ್ಣೀರಿನ ಲೇಖಕಿ ಎಂದು ಪಕ್ಕಕ್ಕಿಡುವ ದೊಡ್ಡವರನ್ನು ನಾನು ಕಂಡಿದ್ದೇನೆ. ಕಣ್ಣೀರು ಬರಿಸುವುದು ಸುಲಭ. ಓದುಗಳನ್ನು ಮೊದಲ ಸಲ ಕಾವೇರಿಯ ಪಕ್ಕದಲ್ಲಿ ಕೂರಿಸಿ, ನಲವತ್ತು ವರ್ಷದ ನಂತರ ಅವಳನ್ನೇ ಎತ್ತಿ ಆರೋಪಿಯ ಜಾಗದಲ್ಲಿ ನಿಲ್ಲಿಸುವ ಪುಸ್ತಕ ಬರೆಯುವುದು ಸುಲಭವಲ್ಲ. ಬಾಣಂತಿಯ ಮನಸ್ಸನ್ನು ಹೀಗೆ ಬಲ್ಲ ಆ ತಾಯಿ 1963ರ ಜುಲೈನಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೂವತ್ತೈದೂ ತುಂಬಿರಲಿಲ್ಲ.

'ಶರಪಂಜರ'ದಲ್ಲಿ ನನಗೆ ಸಿಗದ ಒಂದು ವಸ್ತುವೆಂದರೆ ದುಡ್ಡು. ಸತೀಶನ ಮನೆಯಲ್ಲಿ ಅದಕ್ಕೆ ಕೊರತೆಯಿಲ್ಲ. ದುಡ್ಡಿಲ್ಲದ ಮನೆಗೆ ಕಾಯಿಲೆ ಬಂದರೆ ಏನಾಗುತ್ತದೆ ಎಂದು ನೋಡಲು ನಾನು ಎಸ್.ಎಲ್. ಭೈರಪ್ಪನವರ 'ಗೃಹಭಂಗ'ಕ್ಕೆ ಹೋದೆ. 2025ರಲ್ಲಿ ತೀರಿಕೊಂಡ ಭೈರಪ್ಪನವರ ಈ ಕಾದಂಬರಿ ಬಂದದ್ದು 1970ರಲ್ಲಿ. ನಮ್ಮ ಸೀಮೆಯದೇ ಕಥೆ. ಅದರ ಮಾತು ನಮ್ಮ ಜಗುಲಿಯ ಮಾತು. ಅವರ ವಿಚಾರಗಳ ಬಗ್ಗೆ ತಕರಾರಿರುವ ಗೆಳತಿಯರು ನನಗಿದ್ದಾರೆ, ನನಗೂ ಕೆಲವು ತಕರಾರುಗಳಿವೆ. ಆದರೆ ನಂಜಮ್ಮನನ್ನು ಕೊಟ್ಟದ್ದಕ್ಕೆ ಅವರಿಗೆ ಕೈಮುಗಿಯುತ್ತೇನೆ.

ಯಾಕೆಂದರೆ ನಂಜಮ್ಮ ಲೆಕ್ಕ ಬರೆಯುತ್ತಾಳೆ. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವ ಕೈ ಅವಳದು. ಮುತ್ತುಗದ ಎಲೆ ತಂದು ಹಚ್ಚಿ ಮಾರುತ್ತಾಳೆ. ಎಷ್ಟು ರಾಗಿ ಇದೆ, ಎಷ್ಟು ದಿನಕ್ಕೆ ಬರುತ್ತದೆ, ಯಾರಿಂದ ತರಬೇಕು ಎನ್ನುವುದು ಆ ಕಾದಂಬರಿಯಲ್ಲಿ ಪ್ರೀತಿ ಪ್ರೇಮದಷ್ಟೇ ದೊಡ್ಡ ವಿಷಯ. ಪ್ಲೇಗಿಗೆ ಬೆಳೆದ ಮಗಳು, ಮಗ ಒಬ್ಬರ ಹಿಂದೊಬ್ಬರು ಹೋಗುವ ಪುಟಗಳನ್ನು ನಾನು ಆಸ್ಪತ್ರೆಯಲ್ಲಿ ಓದಲಾರದೆ ದಾಟಿಸಿ, ಮನೆಗೆ ಬಂದ ಮೇಲೆ ಓದಿದೆ. ಅಲ್ಲಿ ಡಾಕ್ಟರು ಕನ್ನಡಕ ಒರೆಸಿಕೊಳ್ಳುವುದಿಲ್ಲ. ಸಾವು ಯಾರ ಒಳ್ಳೆಯತನವನ್ನೂ ಪರೀಕ್ಷೆ ಮಾಡಲು ಬಂದದ್ದಲ್ಲ. ಅದು ಬರುತ್ತದೆ, ಮರುದಿನ ಮಿಕ್ಕವರಿಗೆ ಹಸಿವಾಗುತ್ತದೆ, ಒಲೆ ಹಚ್ಚಬೇಕಾಗುತ್ತದೆ. ಭೈರಪ್ಪನವರು ಬಾಲ್ಯದಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡವರು. ಕಂಡು ಉಂಡವರ ಕೈಗೆ ಮಾತ್ರ ಹೀಗೆ ಬರೆಯಲು ಬರುತ್ತದೆಯೋ ಏನೋ. ನೋಟುಬುಕ್ಕಿನಲ್ಲಿ ಲೆಕ್ಕ ಬರೆದಿಡಲು ನಾನು ಕಲಿತದ್ದು ನಂಜಮ್ಮನಿಂದ. ಲೆಕ್ಕ ಬರೆದರೆ ದುಡ್ಡು ಹೆಚ್ಚಾಗುವುದಿಲ್ಲ, ಆದರೆ ಹೆದರಿಕೆಗೆ ಒಂದು ಅಂಚು ಸಿಗುತ್ತದೆ. ಆ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಗಿತ್ತು. 'ಬಸ್ಸು: ಸೊನ್ನೆ' ಎಂದು ಬರೆಯುವಾಗಲೆಲ್ಲ ಸಣ್ಣ ಸಂತೋಷವಾಗುತ್ತಿತ್ತು.

ಆದರೂ ನಂಜಮ್ಮನೊಡನೆ ನನ್ನದೊಂದು ಜಗಳವಿದೆ. ನಿಜ ಹೇಳಬೇಕೆಂದರೆ ಜಗಳ ಅವಳೊಡನೆ ಅಲ್ಲ, ಅವಳನ್ನು ಸೃಷ್ಟಿಸಿದವರೊಡನೆ. ಅವಳ ಎದುರಿಗಿರುವವರು ಎಂಥವರೆಂದರೆ ಅವಳು ಯಾವಾಗಲೂ ಸರಿಯೇ. ಅತ್ತೆ ಗಂಗಮ್ಮನ ಬಾಯಿ ಎಂಥದೆಂದು ಓದಿದವರಿಗೆಲ್ಲ ಗೊತ್ತು. ಗಂಡನಿಗೆ ತನ್ನ ಹೊಟ್ಟೆಯ ಹೊರತು ಬೇರೆ ಲೋಕವಿಲ್ಲ. ಅಂಥವರ ಮೇಲೆ ನಂಜಮ್ಮ ಸಿಟ್ಟಾದರೆ ಓದುಗರೆಲ್ಲ ಅವಳ ಪರ. ಆದರೆ ನನ್ನ ಅತ್ತೆ ಗಂಗಮ್ಮನಲ್ಲ. ಮೂವತ್ತೆರಡು ವರ್ಷದಲ್ಲಿ ನನಗೆ ಒಂದು ಕೆಟ್ಟ ಮಾತು ಆಡಿದವರಲ್ಲ. ಒಳ್ಳೆಯವರ ಮೇಲೆ ಬರುವ ಸಿಟ್ಟಿಗೆ ಯಾವ ಪುಸ್ತಕದಲ್ಲಿ ಜಾಗವಿದೆ?

ಅಕ್ಟೋಬರಿನ ಒಂದು ರಾತ್ರಿ. ಬಾವಿ ಬತ್ತಿತ್ತು, ಟ್ಯಾಂಕರಿನವನು ಬಂದಿರಲಿಲ್ಲ. ಡ್ರಮ್ಮಿನಲ್ಲಿ ತಳದಲ್ಲಷ್ಟು ನೀರು. ಅತ್ತೆ ಮೂರನೆಯ ಸಲ ಹಾಸಿಗೆ ಒದ್ದೆ ಮಾಡಿಕೊಂಡರು. ನಾನು ಕೂಗಿದೆ: "ಎಷ್ಟು ಸಲ ಒಗೀಲಿ ನಾನು? ಹೋಗಿಬಿಟ್ರೆ ನಿಮಗೂ ನೆಮ್ಮದಿ, ನನಗೂ ನೆಮ್ಮದಿ." ಪಕ್ಕದ ಕೋಣೆಯಲ್ಲಿ ಅವರ ಮಗ ಎಚ್ಚರವಾಗಿದ್ದರು. ಅತ್ತೆ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಡ್ರಮ್ಮಲ್ಲಿ ನೀರೆಷ್ಟಿದೆ?" ಅಷ್ಟೇ. ಮರುದಿನ ಬೆಳಿಗ್ಗೆ ಕಾಫಿ ಬೇಡವೆಂದರು, ಮಧ್ಯಾಹ್ನ ಮಜ್ಜಿಗೆ ಬೇಡವೆಂದರು. ಕುಡಿಯುವುದನ್ನು ನಿಲ್ಲಿಸಿದರೆ ಹಾಸಿಗೆ ಒದ್ದೆಯಾಗುವುದಿಲ್ಲ ಎನ್ನುವುದು ಅವರ ಲೆಕ್ಕ ಎಂದು ನನಗೆ ಗೊತ್ತಾಗಲು ಸಂಜೆಯಾಯಿತು.

ಇದನ್ನು ಬರೆಯಲೋ ಬೇಡವೋ ಎಂದು ಬಹಳ ಯೋಚಿಸಿದೆ. ಬರೆಯುತ್ತಿರುವುದು ಪಾಪ ಕಳೆದುಕೊಳ್ಳಲು ಅಲ್ಲ. ಇಂಥ ರಾತ್ರಿ ನನ್ನದೊಬ್ಬಳದೇ ಅಲ್ಲವೆಂದು ನನಗೆ ಗೊತ್ತು. ಮಹಿಳಾ ಸಮಾಜದಲ್ಲಿ ಒಮ್ಮೆ ಅರ್ಧ ಹೇಳಿದೆ. ಮೂವರು ಮನೆಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ತಮ್ಮ ತಮ್ಮ ರಾತ್ರಿಯನ್ನು ಹೇಳಿಹೋದರು. ನಮ್ಮ ಸಾಹಿತ್ಯದಲ್ಲಿ ಸೇವೆ ಮಾಡುವ ಹೆಣ್ಣು ದೇವತೆ, ಮಾಡದವಳು ರಾಕ್ಷಸಿ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' (1976) ನನಗೆ ಬಹಳ ಪ್ರಿಯವಾದ ಪುಸ್ತಕ. ಮನೆಮನೆಯ ಹೆರಿಗೆಗೆ, ಬಾಣಂತನಕ್ಕೆ ಒದಗುವ, ಎಳೆಯ ವಿಧವೆಯ ತಲೆ ಬೋಳಿಸಬೇಡಿ ಎನ್ನುವ ಧೈರ್ಯವೂ ಇರುವ ಆ ಮುದುಕಿಯನ್ನು ಮರೆಯುವುದುಂಟೆ? ಸಿಟ್ಟಾಗಲು ಎಲ್ಲ ಕಾರಣಗಳಿದ್ದ ಅವಳು ಸಿಟ್ಟಾಗುವುದಿಲ್ಲ. ಅವಳ ಪರವಾಗಿ ಲೇಖಕಿ ಸಿಟ್ಟಾಗುತ್ತಾರೆ, ಅದು ಆ ಪುಸ್ತಕದ ಹಿರಿಮೆ. ಆದರೆ ಫಣಿಯಮ್ಮನನ್ನು ಓದಿ ದೊಡ್ಡವರಾದ ನಾವು ಲೇಖಕಿಯ ಸಿಟ್ಟನ್ನು ಮರೆತು ಅಜ್ಜಿಯ ತಾಳ್ಮೆಯನ್ನು ಮಾತ್ರ ನೆನಪಿಟ್ಟುಕೊಂಡೆವು. ಆಮೇಲೆ ಆ ತಾಳ್ಮೆಯ ಅಳತೆಗೋಲಿನಿಂದಲೇ ನಮ್ಮನ್ನು ಅಳೆದುಕೊಂಡು ಕುಗ್ಗಿದೆವು. ಇದು ಪುಸ್ತಕದ ತಪ್ಪಲ್ಲ, ಓದಿದವರ ತಪ್ಪು.

ದೇವತೆಯೂ ಅಲ್ಲದ ರಾಕ್ಷಸಿಯೂ ಅಲ್ಲದ ಮನೆಯನ್ನು ನಾನು ಕಂಡದ್ದು ವೈದೇಹಿಯವರ 'ಅಕ್ಕು' ಕಥೆಯಲ್ಲಿ. ತಲೆ ಸರಿಯಿಲ್ಲವೆಂದು ಎಲ್ಲರೂ ತೀರ್ಮಾನಿಸಿರುವ ಅಕ್ಕುವನ್ನು ಮನೆಯವರು ಇಟ್ಟುಕೊಂಡಿದ್ದಾರೆ. ಅನ್ನ ಹಾಕುತ್ತಾರೆ, ಗದರುತ್ತಾರೆ, ಅವಳನ್ನು ನೋಡಿ ನಗುತ್ತಾರೆ. ಅವರು ದುಷ್ಟರೆಂದು ಲೇಖಕಿ ಬೆರಳು ತೋರಿಸುವುದಿಲ್ಲ, ಒಳ್ಳೆಯವರೆಂದು ಬೆನ್ನು ತಟ್ಟುವುದೂ ಇಲ್ಲ. ತುಂಬಿದ ಮನೆಯಲ್ಲಿ ಪ್ರೀತಿಯೂ ಕ್ರೌರ್ಯವೂ ಒಂದೇ ಪಾತ್ರೆಯಲ್ಲಿ ಬೇಯುವುದನ್ನು ಮುಚ್ಚಳ ತೆಗೆದು ತೋರಿಸುತ್ತಾರೆ. ಅದನ್ನು ಓದಿದ ಮೇಲೆ ನಾನು ಅತ್ತೆಯ ಹತ್ತಿರ ಹೋಗಿ, ಅವತ್ತು ಹಾಗೆ ಅಂದದ್ದು ತಪ್ಪಾಯಿತು ಎಂದೆ. "ಯಾವತ್ತು? ಏನಂದೆ?" ಎಂದರು. ನಿಜವಾಗಿ ಮರೆತಿದ್ದರೋ, ಮರೆತವರ ಹಾಗೆ ಇದ್ದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹಾಲು ಹಾಕಿದ ಕಾಫಿ ಒಂದು ಲೋಟ ಪೂರ್ತಿ ಕುಡಿದರು. 2024ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ನಾಲ್ಕನೆಯ ದಿನ ಹೋದರು. ಬೆನ್ನಿನಲ್ಲಿ ಒಂದು ಹುಣ್ಣೂ ಇರಲಿಲ್ಲ. ಅದನ್ನು ಹೇಳಿಕೊಳ್ಳುವುದು ಜಂಬವಾದರೆ ಜಂಬವೇ ಇರಲಿ.

ಹಾಗಾದರೆ ನಮ್ಮ ಲೇಖಕಿಯರಿಂದ ನಾನು ಕೇಳುವುದು ಇಷ್ಟು. ರೋಗಿಯನ್ನು ಬರೆದದ್ದು ಸಾಕೆಂದಲ್ಲ. ಸ್ಟೂಲಿನ ಮೇಲೆ ಕುಳಿತವಳನ್ನೂ ಬರೆಯಿರಿ. ಅವಳ ಸೊಂಟನೋವು, ಲೆಕ್ಕ, ಬೆಳಗಿನ ಜಾವ ಮೂರಕ್ಕೆ ಅವಳ ತಲೆಯಲ್ಲಿ ಬಂದುಹೋಗುವ ಕೆಟ್ಟ ಯೋಚನೆ, ಅದಾದ ಮೇಲೂ ನಾಲ್ಕಕ್ಕೆ ಎದ್ದು ಅವಳು ಮಗ್ಗುಲು ಬದಲಿಸುವುದು, ಎಲ್ಲವನ್ನೂ. ಅವಳಿಗೆ ಹಾರ 'ಹಾಕಬೇಡಿ'. ಹಾರದ ಭಾರಕ್ಕೆ ಕುತ್ತಿಗೆ ಬಗ್ಗುತ್ತದೆ. ಸ್ಟೂಲಿನ ಮೇಲೆ ಗಂಡಸೂ ಕೂರುತ್ತಾನೆ, ಅವನನ್ನೂ ಬರೆಯಿರಿ. ನಮ್ಮ ವಾರ್ಡಿನಲ್ಲಿ ಒಬ್ಬ ಮುದುಕರು ಹೆಂಡತಿಯ ಜಡೆ ಹೆಣೆಯಲು ಬಾರದೆ ದಿನವೂ ನನ್ನನ್ನು ಕರೆಯುತ್ತಿದ್ದರು. ಮೂರನೆಯ ದಿನ ಕಲಿತುಕೊಂಡರು. ಅವರ ಕಥೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

ಇನ್ನು ನಮ್ಮ ಮನೆಯ ಮಾತು. ಕೊಬ್ಬರಿಯ ವಿಷಯಕ್ಕೆ ನಾನು ಬಿಲ್ಲುಗಳನ್ನೆಲ್ಲ ತಂದು ನಮ್ಮವರ ಮುಂದೆ ಹರಡಿ, ಜಗಳವನ್ನು ನಿಂತಲ್ಲಿಂದ ಮತ್ತೆ ಶುರುಮಾಡಿದೆ. ಒಂದು ಗಂಟೆ ಕೂಗಾಡಿದರು, ನಾನೂ ಕೂಗಾಡಿದೆ. ಕೊನೆಗೆ "ಐದು ಕ್ವಿಂಟಾಲ್ ಮಾರಿ ಮಿಕ್ಕಿದ್ದು ಇಟ್ಕೋಬೇಕಿತ್ತು" ಎಂದರು. ಅವರು ಹೇಳಿದ್ದು ಸರಿಯಾಗಿತ್ತು.

ಮಾತು ತಿದ್ದಿಕೊಳ್ಳಲು ದಿನವೂ ಗಟ್ಟಿಯಾಗಿ ಓದಬೇಕೆಂದು ಥೆರಪಿಯವರು ಹೇಳಿದ್ದರು. ಮಕ್ಕಳ ಪುಸ್ತಕ ಕೊಟ್ಟರೆ ಅವಮಾನವೆಂದು ಪಕ್ಕಕ್ಕೆ ಇಟ್ಟರು. 'ಗೃಹಭಂಗ' ಕೊಟ್ಟೆ. ದಿನಕ್ಕೊಂದು ಪುಟ, ಆಮೇಲೆ ಎರಡು, ಆಮೇಲೆ ನಾನು ಅಡುಗೆ ಮುಗಿಸುವವರೆಗೆ. ಗಂಗಮ್ಮನ ಬೈಗುಳಗಳಿಂದ ಅವರ ನಾಲಿಗೆ ಎಷ್ಟು ಚುರುಕಾಯಿತೆಂದರೆ ಥೆರಪಿಯವರೇ ಆಶ್ಚರ್ಯಪಟ್ಟರು. ಪುಸ್ತಕ ಮುಗಿದ ದಿನ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಚೆನ್ನಿಗರಾಯನಿಗೆ ಲಕ್ವ ಹೊಡೆದಿದ್ದರೆ ನಂಜಮ್ಮ ನೋಡಿಕೊಳ್ತಿದ್ದಳಾ?"

"ನೋಡಿಕೊಳ್ತಿದ್ದಳು," ಎಂದೆ. "ಖರ್ಚೆಷ್ಟಾಯ್ತು ಅಂತ ಬರೆದೂ ಇಡ್ತಿದ್ದಳು."

ಅವರು ಎಡಗೈ ಚಾಚಿ ನನ್ನ ನೋಟುಬುಕ್ಕು ಕೇಳಿದರು. ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದರು.